ಅಡ್ಡರಸ್ತೆಯ ಹಿಮ

ಅಮೆರಿಕೆಗೆ ಹೋಗಿ ಬಂದ ನಮ್ಮ ಮಹನೀಯರಲ್ಲಿ ಒಂದು ಮಾತು ವಾಡಿಕೆಯಾಗಿಬಿಟ್ಟಿದೆ. ಇಲ್ಲಿ ಒಂದು ಮಳೆ ಹೊಯ್ದು ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತೆನ್ನಿ, ಕೂಡಲೇ ಅವರು ಕಾಫಿಯ ಲೋಟವನ್ನು ಕೆಳಗಿಟ್ಟು ಹೇಳುತ್ತಾರೆ: “ಅಲ್ಲಿ ನೋಡಿ ಸ್ವಾಮಿ, ರಾತ್ರಿಯೆಲ್ಲ ಎರಡಡಿ ಹಿಮ ಬಿದ್ದಿರುತ್ತೆ. ಬೆಳಗ್ಗೆ ಏಳೋದರೊಳಗೆ ರಸ್ತೆಯೆಲ್ಲ ಕ್ಲೀನು. ಎಂಟು ಗಂಟೆಗೆ ಕಾರು ತೆಗೆದು ಆಫೀಸಿಗೆ ಹೊರಟೇಬಿಡ್ತಾರೆ.” ಕೇಳುವವರು ತಲೆದೂಗುತ್ತಾರೆ. ಮದುವೆಮನೆಯಲ್ಲಿ, ರೈಲಿನಲ್ಲಿ, ಸಂಜೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇದುವರೆಗೆ ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಬಿಟ್ಟುಹೋದ ಅರ್ಧದಲ್ಲಿ ಜನ ಸತ್ತಿದ್ದಾರೆ.

ಯಾವ ರಸ್ತೆ ಸ್ವಾಮಿ ಕ್ಲೀನು? ಹೆದ್ದಾರಿ ಕ್ಲೀನು, ಒಪ್ಪಿದೆ. ಪೇಟೆಗೆ ಹೋಗುವ ದೊಡ್ಡ ಬೀದಿ ಕ್ಲೀನು, ಅದನ್ನೂ ಒಪ್ಪಿದೆ. ಆದರೆ ಮನುಷ್ಯ ಹೆದ್ದಾರಿಯ ಮೇಲೆ ವಾಸ ಮಾಡುವುದಿಲ್ಲವಷ್ಟೆ. ಅವನ ಮನೆಯಿರುವುದು ಅಡ್ಡರಸ್ತೆಯಲ್ಲಿ. ಆ ಅಡ್ಡರಸ್ತೆ ಇನ್ನೊಂದು ಅಡ್ಡರಸ್ತೆಗೆ ಸೇರಿ, ಅದು ಒಂದು ಇಳಿಜಾರಿನಲ್ಲಿ ಹೊರಳಿ, ಆಮೇಲೆ ತಾನೆ ದೊಡ್ಡ ಬೀದಿ ಸಿಕ್ಕುವುದು! ಅಲ್ಲಿನ ಪಟ್ಟಣಗಳಲ್ಲಿ ಹಿಮ ತಳ್ಳುವುದಕ್ಕೆ ಒಂದು ಸರದಿಯುಂಟು. ಮೊದಲು ಹೆದ್ದಾರಿ ಮತ್ತು ದೊಡ್ಡ ಬೀದಿಗಳು, ಆಮೇಲೆ ಬಸ್ಸು ಓಡಾಡುವ ನಡುತರದ ಬೀದಿಗಳು, ಕಟ್ಟಕಡೆಗೆ ಜನ ಬದುಕುವ ಬೀದಿಗಳು. ಹಿಮ ಬೀಳುತ್ತಲೇ ಇದ್ದರೆ ಲಾರಿಗಳು ಮೊದಲನೆಯ ತರಗತಿಗೇ ಮತ್ತೆ ಮತ್ತೆ ಸುತ್ತು ಹೊಡೆಯುತ್ತವೆ; ಮೂರನೆಯ ತರಗತಿಗೆ ಪಾಳಿ ಬರುವುದೇ ಇಲ್ಲ. ಪಾಠಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗನಿಗೂ ಈ ಬೀದಿಗೂ ಒಂದೇ ಗತಿ.

ನಾನು ನ್ಯೂಯಾರ್ಕ್ ಸಂಸ್ಥಾನದ ಒಂದು ಊರಿನಲ್ಲಿ, ಮಗಳ ಮನೆಯಲ್ಲಿ, ಮೂರು ಚಳಿಗಾಲ ಕಳೆದವನು. ಆದ್ದರಿಂದ ಆ ಲಾರಿಯ ವಿಷಯ ನನಗೆ ತಕ್ಕಮಟ್ಟಿಗೆ ಗೊತ್ತು. ಲಾರಿಯ ಮೂತಿಗೆ ಓರೆಯಾಗಿ ಒಂದು ಉಕ್ಕಿನ ಹಲಗೆ ಕಟ್ಟಿರುತ್ತಾರೆ. ಅದನ್ನು ಅವರು ನೇಗಿಲೆಂದೇ ಕರೆಯುತ್ತಾರೆ. ನಮ್ಮ ರೈತ ಕಂಡರೆ ನಕ್ಕಾನು. ಅದು ಉಳುವುದೇನೂ ಇಲ್ಲ, ಬರಿ ಬದು ಹಾಕುತ್ತದೆ. ರಸ್ತೆಯ ನಡುವಿನ ಹಿಮವನ್ನು ಎತ್ತಿ ಪಕ್ಕಕ್ಕೆ ಒಟ್ಟುತ್ತದೆ. ಪಕ್ಕ ಎಂದರೆ ಯಾವುದು? ನಡೆದುಹೋಗುವವರ ಹಾದಿ, ಬಸ್ಸಿಗೆ ಕಾಯುವವರ ಜಾಗ, ನಿಮ್ಮ ಮನೆಯ ಬಾಗಿಲ ಮುಂದಿನ ಮೋಟಾರು ಹಾದಿಯ ಬಾಯಿ. ಬೆಳಗಿನ ಜಾವ ಎದ್ದು ಸೊಂಟ ಮುರಿಯುವಂತೆ ಸನಿಕೆ ಹಿಡಿದು ಮನೆಯ ಮುಂದೆ ಬಳಿದು ಮುಗಿಸಿ, ಒಳಗೆ ಬಂದು ಕೈ ಕಾಯಿಸಿಕೊಳ್ಳುವ ಹೊತ್ತಿಗೆ ಲಾರಿ ಬರುತ್ತದೆ. ಬಂದು, ಬೀದಿಯ ಹಿಮವನ್ನೆಲ್ಲ ತಂದು ನಿಮ್ಮ ಬಾಗಿಲಿಗೆ ಗೋಡೆ ಕಟ್ಟಿ ಹೋಗುತ್ತದೆ. ಈ ಹಿಮ ಆಕಾಶದಿಂದ ಬಿದ್ದ ಹತ್ತಿಯಂಥದ್ದಲ್ಲ. ಉಪ್ಪು, ಮಣ್ಣು, ನೀರು ಸೇರಿ ಗಾರೆಯಂತೆ ಗಟ್ಟಿಯಾದದ್ದು. ನನ್ನ ಅಳಿಯ ಶಾಂತ ಸ್ವಭಾವದವನು. ಆ ಒಂದು ಗಳಿಗೆಯಲ್ಲಿ ಮಾತ್ರ ಅವನ ಬಾಯಲ್ಲಿ ಅಚ್ಚ ಕನ್ನಡ ಕೇಳಬೇಕು.

ಬಳಿಯದೆ ಬಿಟ್ಟ ಬೀದಿಯ ಕತೆ ಇದಕ್ಕಿಂತ ಕೆಟ್ಟದ್ದು. ಹೊಸ ಹಿಮದ ಮೇಲೆ ಹತ್ತು ಕಾರು ಓಡಿದರೆ ಅದು ಅಮುಕಿ ಹಲಗೆಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲುಗಡೆ ಕರಗಿ ನೀರಾಗುತ್ತದೆ. ಸಂಜೆ ಮತ್ತೆ ಹೆಪ್ಪುಗಟ್ಟಿ ಗಾಜಾಗುತ್ತದೆ. ಎರಡನೆಯ ದಿನ, ಮೂರನೆಯ ದಿನ ಇದೇ ಕ್ರಮ. ಕೆಲವು ಕಡೆ ಆ ಗಾಜು ಎಷ್ಟು ತೆಳುವೆಂದರೆ ಅದರೊಳಗಿಂದ ಡಾಂಬರು ಕಪ್ಪಗೆ ಕಾಣುತ್ತದೆ. ರಸ್ತೆ ಬರಿ ಒದ್ದೆಯಾಗಿದೆಯೆಂದು ಓಡಿಸುವವನು ನಂಬುತ್ತಾನೆ. ಮಂಜುಗಟ್ಟಿದ ರಸ್ತೆಯಲ್ಲಿ ಕಾರು ನಿಲ್ಲುವುದಕ್ಕೆ ಒಣರಸ್ತೆಗಿಂತ ಹತ್ತು ಪಾಲು ದೂರ ಬೇಕಾದೀತೆಂದು ಬ್ರಿಟಿಷ್ ಸರ್ಕಾರದ ರಸ್ತೆ ನಿಯಮಾವಳಿಯೇ ಎಚ್ಚರಿಸುತ್ತದೆ. ಹೆದ್ದಾರಿಯಲ್ಲಿ ಉಪ್ಪು ಚೆಲ್ಲಿದ್ದಾರೆ, ಮುಂದೆ ದೂರಕ್ಕೆ ಕಾಣುತ್ತದೆ. ಅಡ್ಡರಸ್ತೆಯಲ್ಲಿ ಎರಡು ಕಡೆಯೂ ಎದೆಯೆತ್ತರ ಹಿಮದ ಬದು. ಆ ಬದುವಿನ ಮರೆಯಿಂದ ಶಾಲೆಯ ಹುಡುಗ ಹೊರಬಂದರೆ ಅವನು ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕು ತುಳಿದೂ ಪ್ರಯೋಜನವಿಲ್ಲ.

ಇಲ್ಲಿ ನಮ್ಮ ಕನ್ನಡಿಗ ತರುಣರಿಗೂ ಒಂದು ಮಾತು ಹೇಳಬೇಕು. ಮೊದಲ ಚಳಿಗಾಲ ಬರುತ್ತಲೂ ಅವರು ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹಾಯುವ ದೊಡ್ಡ ಕಾರು ಕೊಳ್ಳುತ್ತಾರೆ. ಕೊಂಡು, ಇನ್ನು ಹಿಮ ತಮ್ಮನ್ನೇನು ಮಾಡೀತೆಂದು ಮೀಸೆ ತಿರುವುತ್ತಾರೆ. ಆ ಬಲ ಕಾರು ಹೊರಡುವುದಕ್ಕೆ ಸಹಾಯ ಮಾಡುತ್ತದೆ. ನಿಲ್ಲುವುದಕ್ಕೆ ಏನೂ ಮಾಡುವುದಿಲ್ಲ. ಬ್ರೇಕು ಬಡವನ ಹಳೇ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇದೆ. ನಿಲ್ಲಿಸುವುದು ಟೈರು, ಮತ್ತು ಓಡಿಸುವವನ ತಾಳ್ಮೆ. ಚಳಿಗಾಲದ ಟೈರಿಗೆ ದುಡ್ಡು ಬಿಚ್ಚದೆ ದೊಡ್ಡ ಕಾರಿಗೆ ಸಾಲ ಮಾಡುವುದು ಯಾವ ಲೆಕ್ಕಾಚಾರವೋ ನನಗೆ ತಿಳಿಯದು. ಅದಿರಲಿ.

ನನ್ನ ಜಗಳವಿರುವುದು ಆ ಸರದಿಯ ಪಟ್ಟಿಯೊಡನೆ. ಹಿಮ ದೇವರು ಸುರಿಸಿದ್ದು. ಪಟ್ಟಿ ಮನುಷ್ಯ ಬರೆದದ್ದು. 1969ರ ಫೆಬ್ರವರಿ 9, ಭಾನುವಾರ. ನ್ಯೂಯಾರ್ಕ್ ನಗರದಲ್ಲಿ ಹಿಮ ಬೀಳುವುದಕ್ಕೆ ಮೊದಲಾಯಿತು. ಬೇಗ ಮಳೆಯಾಗಿ ತಿರುಗೀತೆಂದು ಹವಾಮಾನದವರು ಹೇಳಿದ್ದರು, ತಿರುಗಲಿಲ್ಲ. ಮಾರನೆಯ ದಿನದ ಹೊತ್ತಿಗೆ ನಗರದ ನಡುಮಧ್ಯೆ ಸುಮಾರು 15 ಅಂಗುಲ ಬಿದ್ದಿತ್ತು. ಪೌರಸಭೆಯ ಹಿಮದ ಯಂತ್ರಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಕೆಟ್ಟು ನಿಂತಿದ್ದವು. ಇದ್ದ ಯಂತ್ರಗಳು ಮ್ಯಾನ್‌ಹ್ಯಾಟನ್ನಿನ ಬೀದಿಗಳನ್ನು ಬಳಿದವು. ನದಿಯಾಚೆಯ ಕ್ವೀನ್ಸ್ ಭಾಗದಲ್ಲಿ, ಎಂದರೆ ಗುಮಾಸ್ತರು, ಮಾಸ್ತರರು, ಸಣ್ಣ ಅಂಗಡಿಯವರು ಮನೆ ಮಾಡಿಕೊಂಡಿದ್ದ ಭಾಗದಲ್ಲಿ, ದಿನಗಟ್ಟಲೆ ಒಂದು ಲಾರಿಯೂ ಸುಳಿಯಲಿಲ್ಲ. ಆ ಬಿರುಗಾಳಿಯ ಲೆಕ್ಕದಲ್ಲಿ ನಗರದಲ್ಲಿ ಸತ್ತವರು 42 ಮಂದಿ. ಅವರಲ್ಲಿ ಅರ್ಧದಷ್ಟು ಜನ ಕ್ವೀನ್ಸಿನವರು.

ಅಲ್ಲಿ ವಾಸವಾಗಿದ್ದವರಲ್ಲಿ ರಾಲ್ಫ್ ಬಂಚ್ ಒಬ್ಬರು. 1950ರಲ್ಲಿ ಶಾಂತಿಯ ನೊಬೆಲ್ ಪಾರಿತೋಷಕ ಪಡೆದವರು, ವಿಶ್ವಸಂಸ್ಥೆಯ ದೊಡ್ಡ ಅಧಿಕಾರಿ. ಪಾಲೆಸ್ತೀನಿನಲ್ಲಿ ಯುದ್ಧ ನಿಲ್ಲಿಸಿದ ಆ ಮಹಾನುಭಾವರಿಗೆ ತಮ್ಮ ಬೀದಿಯಿಂದ ವಿಶ್ವಸಂಸ್ಥೆಯ ಕಚೇರಿಗೆ ಹೋಗಲು ದಾರಿಯಿಲ್ಲ! ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ, ಹಾಲಿಲ್ಲ, ಪತ್ರಿಕೆಯಿಲ್ಲ, ಕಸ ಒಯ್ಯುವವರಿಲ್ಲ ಎಂದು ಅವರು ಮೇಯರ್ ಜಾನ್ ಲಿಂಡ್ಸೆಗೆ ತಂತಿ ಕೊಟ್ಟರು. ಕಡೆಗೆ ಮೇಯರು ತಾವೇ ಕ್ವೀನ್ಸಿಗೆ ಹೊರಟರು. ಅವರ ಕಾರು ಹಿಮದಲ್ಲಿ ಮುಂದೆ ಹೋಗದಾಯಿತು. ಬೇರೆ ಗಟ್ಟಿ ಗಾಡಿ ಹತ್ತಿದರು, ಅದೂ ತಿಣುಕಿತು. ಹೆಂಗಸರು ಬಾಗಿಲಿಗೆ ಬಂದು ಅವರಿಗೆ ಛೀಮಾರಿ ಹಾಕಿದರು. ಅದೇ ವರ್ಷ ಜೂನಿನಲ್ಲಿ ಲಿಂಡ್ಸೆಯವರ ಸ್ವಂತ ಪಕ್ಷವೇ ಅವರಿಗೆ ಟಿಕೆಟ್ಟು ಕೊಡಲಿಲ್ಲ. ಬೇರೊಂದು ಪಕ್ಷದ ಹೆಸರಿನಲ್ಲಿ ನಿಂತು, ತಪ್ಪಾಯಿತೆಂದು ಊರಿಗೆಲ್ಲ ಹೇಳಿಕೊಂಡು, ಅವರು ನವೆಂಬರಿನಲ್ಲಿ ಗೆದ್ದರೆಂಬುದೂ ನಿಜವೇ. ಸತ್ತವರಿಗೆ ಎರಡನೆಯ ಚುನಾವಣೆ ಇರಲಿಲ್ಲ.

ಹತ್ತು ವರ್ಷದ ಮೇಲೆ, 1979ರ ಜನವರಿಯಲ್ಲಿ, ಶಿಕಾಗೋ ನಗರದಲ್ಲಿ ಇದೇ ನಾಟಕ. ಬೀದಿಗಳು ಹೂತುಹೋದವು. ನಗರದ ಎತ್ತರದ ರೈಲುಗಳು ಹೊತ್ತು ಉಳಿಸಬೇಕೆಂದು ಕೆಲವು ನಿಲ್ದಾಣಗಳಲ್ಲಿ ನಿಲ್ಲದೆ ಓಡಿದವು. ಹಾಗೆ ಬಿಟ್ಟುಹೋದದ್ದು ಬಹುಮಟ್ಟಿಗೆ ಕಪ್ಪು ವರ್ಣೀಯರ ಬಡಾವಣೆಗಳ ನಿಲ್ದಾಣಗಳನ್ನು. ರೈಲು ಕಣ್ಣೆದುರಿಗೆ ಹಾದುಹೋಗುತ್ತಿದೆ, ನೀವು ಚಳಿಯಲ್ಲಿ ನಿಂತಿದ್ದೀರಿ! ಫೆಬ್ರವರಿ 27ರಂದು ಅದೇ ಪಕ್ಷದ ಜೇನ್ ಬರ್ನ್ ಎಂಬ ಹೆಂಗಸು ಮೇಯರ್ ಮೈಕೆಲ್ ಬಿಲಾಂಡಿಕ್ಕರನ್ನು ಪಕ್ಷದ ಒಳಚುನಾವಣೆಯಲ್ಲಿ ಸೋಲಿಸಿ, ಮುಂದೆ ಆ ನಗರದ ಮೊದಲ ಮಹಿಳಾ ಮೇಯರಾದಳು. ಇಷ್ಟೆಲ್ಲ ನಡೆದ ಮೇಲೂ 2010ರ ಡಿಸೆಂಬರ್ 26ರ ಬಿರುಗಾಳಿಯಲ್ಲಿ ನ್ಯೂಯಾರ್ಕಿಗೆ ಬುದ್ಧಿ ಬಂದಿರಲಿಲ್ಲ. ನಗರಮಧ್ಯದ ನಾಟಕಶಾಲೆಗಳು ತೆರೆದಿದ್ದವು. ಬ್ರೂಕ್ಲಿನ್ನಿನ ಅಡ್ಡರಸ್ತೆಗಳಲ್ಲಿ ಬಸ್ಸುಗಳೂ ಆಂಬುಲೆನ್ಸುಗಳೂ ಹೂತು ನಿಂತಿದ್ದವು.

ಪಟ್ಟಿಯ ಪರವಾಗಿ ವಾದಿಸುವವರು ಯಾವಾಗಲೂ ಇದೇ ಆಂಬುಲೆನ್ಸನ್ನು ಮುಂದೆ ತರುತ್ತಾರೆ. “ದೊಡ್ಡ ಬೀದಿ ಮೊದಲು ತೆಗೆಯದಿದ್ದರೆ ರೋಗಿ ಆಸ್ಪತ್ರೆಗೆ ಹೋಗುವುದು ಹೇಗೆ?” ಎಂದು ಕೇಳುತ್ತಾರೆ. ರೋಗಿ ದೊಡ್ಡ ಬೀದಿಯಲ್ಲಿ ಮಲಗಿರುತ್ತಾನೆಯೇ? ಎದೆನೋವು ಬರುವುದು ಮನೆಯೊಳಗೆ, ಮನೆಯಿರುವುದು ಕೊನೆಯ ತರಗತಿಯ ಬೀದಿಯಲ್ಲಿ. ಹತ್ತು ಮೈಲಿ ಹೆದ್ದಾರಿ ಹಸನಾಗಿದ್ದು ಕೊನೆಯ ಇನ್ನೂರು ಗಜ ಮುಚ್ಚಿದ್ದರೆ ಆ ಹತ್ತು ಮೈಲಿಯಿಂದ ರೋಗಿಗೆ ಏನು ಬಂತು? ಎಲ್ಲ ಬೀದಿಯನ್ನೂ ಒಟ್ಟಿಗೆ ಬಳಿಯಿರೆಂದು ನಾನು ಹೇಳುತ್ತಿಲ್ಲ. ಲಾರಿಗಳು ಎಷ್ಟಿವೆಯೋ ಅಷ್ಟೇ. ಹೆದ್ದಾರಿಯನ್ನು ಐದನೆಯ ಸಲ ಬಳಿಯುವುದಕ್ಕೆ ಮೊದಲು ಅಡ್ಡರಸ್ತೆಯನ್ನು ಒಂದು ಸಲ ಬಳಿಯಿರೆಂದು ಕೇಳುತ್ತಿದ್ದೇನೆ. ಹೆದ್ದಾರಿಯಲ್ಲಿ ಒಂದಂಗುಲ ಹಿಮ ಉಳಿದರೆ ಓಡಿಸುವವನು ನಿಧಾನವಾಗಿ ಹೋಗುತ್ತಾನೆ. ಕಳೆದುಕೊಳ್ಳುವುದು ಕಾಲು ಗಂಟೆ.

ಇದಕ್ಕೆಲ್ಲ ದುಡ್ಡೆಲ್ಲಿದೆ ಎನ್ನುವವರಿಗೆ ಸ್ವೀಡನ್ ದೇಶದ ಕಾರ್ಲ್‌ಸ್ಕೂಗ ಎಂಬ ಸಣ್ಣ ಪಟ್ಟಣವನ್ನು ತೋರಿಸುತ್ತೇನೆ. ಅಲ್ಲಿಯೂ ಮೊದಲು ದೊಡ್ಡ ರಸ್ತೆ, ಕೊನೆಗೆ ಕಾಲುಹಾದಿ ಎಂಬ ಪಟ್ಟಿಯೇ ಇತ್ತು. 2011ರ ಸುಮಾರಿಗೆ ಪೌರಸಭೆಯ ಎಲ್ಲ ಕೆಲಸವನ್ನೂ ಗಂಡಸು ಹೆಂಗಸರಿಬ್ಬರ ಕಣ್ಣಿನಿಂದ ನೋಡಬೇಕೆಂದು ಹೊರಟಾಗ, ಹಿಮ ತೆಗೆಯುವುದರಲ್ಲೇನು ಗಂಡು ಹೆಣ್ಣು ಎಂದು ಅಧಿಕಾರಿಗಳಲ್ಲೇ ನಗೆಯಾಡಿದವರಿದ್ದರಂತೆ. ಲೆಕ್ಕ ತೆಗೆದರು. ಬೆಳಗ್ಗೆ ಕಾರಿನಲ್ಲಿ ನೇರವಾಗಿ ಕೆಲಸಕ್ಕೆ ಹೋಗುವವರಲ್ಲಿ ಗಂಡಸರು ಹೆಚ್ಚು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು, ಅಂಗಡಿಗೆ ಹೋಗಿ, ಮುದುಕರ ಮನೆಗೊಮ್ಮೆ ಇಣುಕಿ, ನಡೆದೋ ಬಸ್ಸಿನಲ್ಲೋ ಸುತ್ತುವವರಲ್ಲಿ ಹೆಂಗಸರು ಹೆಚ್ಚು. ಹಿಮದ ದಿನಗಳಲ್ಲಿ ಜಾರಿಬಿದ್ದು ಕೈಕಾಲು ಮುರಿದುಕೊಳ್ಳುವವರಲ್ಲಿ ಕಾರಿನವರಿಗಿಂತ ನಡೆಯುವವರೇ ಬಹಳ. ಹಾಗಾಗಿ ಸರದಿಯನ್ನು ತಿರುಗಿಸಿಬಿಟ್ಟರು: ಮೊದಲು ಕಾಲುಹಾದಿ, ಸೈಕಲ್ಲಿನ ಹಾದಿ, ಶಿಶುವಿಹಾರದ ದಾರಿ, ಆಮೇಲೆ ದೊಡ್ಡ ರಸ್ತೆ. ಲಾರಿಗಳು ಅವೇ, ಆಳುಗಳು ಅವರೇ. ಹೆಚ್ಚಿನ ಖರ್ಚೇನೂ ಬರಲಿಲ್ಲ. ಬದಲಾದದ್ದು ಪಟ್ಟಿ ಒಂದೇ.

2016ರ ನವೆಂಬರಿನಲ್ಲಿ ಇದನ್ನೇ ಸ್ಟಾಕ್‌ಹೋಮಿನಲ್ಲಿ ಮಾಡಹೊರಟಾಗ ಎಡವಟ್ಟಾಯಿತು. ಆ ತಿಂಗಳಿಗೆ ನೂರು ವರ್ಷದಿಂದ ಕಾಣದಷ್ಟು ಹಿಮ ಬಿದ್ದು ಊರೆಲ್ಲ ನಿಂತುಹೋಯಿತು. ಹೆಂಗಸರ ಹೆಸರಿನಲ್ಲಿ ಹಿಮ ತೆಗೆಯಹೋದರೆ ಹೀಗೇ ಎಂದು ದೇಶದೇಶಗಳ ಪತ್ರಿಕೆಗಳು ಕುಹಕವಾಡಿದವು. ಹಳೆಯ ಪಟ್ಟಿ ಹಿಡಿದುಕೊಂಡು 42 ಜನ ಸತ್ತಾಗ ‘ಗಂಡಸರ ಹಿಮ’ ಎಂದು ಯಾರೂ ಕುಹಕವಾಡಿದ ಹಾಗೆ ಕಾಣೆ.

ರಸ್ತೆ ಎಷ್ಟೇ ಹಸನಾಗಿರಲಿ, ಬಿರುಗಾಳಿಯ ದಿನ ಹೊರಗೆ ಹೊರಡಬೇಕಾದವರು ಯಾರು ಎಂಬ ಪ್ರಶ್ನೆ ಬೇರೆಯೇ ಇದೆ. ನಮ್ಮ ಮಹನೀಯರು ಹೊಗಳುವುದು, “ಎಂಟು ಗಂಟೆಗೆ ಆಫೀಸಿಗೆ ಹೊರಟೇಬಿಡ್ತಾರೆ” ಎಂಬ ಶಿಸ್ತನ್ನು. ನನಗೆ ಅದೇ ದೊಡ್ಡ ರೋಗವಾಗಿ ಕಾಣುತ್ತದೆ. 2014ರ ಜನವರಿ 28ರಂದು ಅಟ್ಲಾಂಟ ನಗರದಲ್ಲಿ ಬಿದ್ದ ಹಿಮ ಎಷ್ಟು? 2.6 ಅಂಗುಲ. ನನ್ನ ಮಗಳ ಊರಿನಲ್ಲಾದರೆ ಅದಕ್ಕೆ ಹಿಮವೆಂಬ ಹೆಸರೂ ಇಲ್ಲ. ಬೆಳಗ್ಗೆ ಶಾಲೆ, ಕಚೇರಿ, ಸರ್ಕಾರ ಎಲ್ಲವೂ ತೆರೆದವು. ಮಧ್ಯಾಹ್ನ ಹಿಮ ಸುರಿಯತೊಡಗಿದ ಮೇಲೆ ಎಲ್ಲರೂ ಒಂದೇ ಹೊತ್ತಿಗೆ ಬಾಗಿಲು ಹಾಕಿ ಎಲ್ಲರನ್ನೂ ಒಂದೇ ಹೊತ್ತಿಗೆ ಬೀದಿಗಟ್ಟಿದರು. ಕಾರುಗಳ ಬಿಸಿಗೆ ಕರಗಿದ ಹಿಮ ಗಾಜಾಯಿತು. ಉಪ್ಪಿನ ಲಾರಿಗಳು ಆ ಕಾರುಗಳ ಹಿಂದೆಯೇ ಸಿಕ್ಕಿಕೊಂಡವು. ಸಾವಿರಾರು ಜನ ರಾತ್ರಿಯೆಲ್ಲ ಕಾರಿನಲ್ಲಿ ಕುಳಿತರು, ಮಕ್ಕಳು ಶಾಲೆಯ ನೆಲದ ಮೇಲೆ ಮಲಗಿದರು, ಒಂದು ಮಗು ಹೆದ್ದಾರಿಯ ಮೇಲೆಯೇ ಹುಟ್ಟಿತು.

ಇದು ನಗುವಂಥದ್ದಾದರೆ ಬಫಲೋ ನಗರದ್ದು ಅಳುವಂಥದ್ದು. 2022ರ ಡಿಸೆಂಬರ್ 23ರ ಶುಕ್ರವಾರ ಭಾರಿ ಬಿರುಗಾಳಿ ಬರುತ್ತದೆಂದು ಹವಾಮಾನದವರು ದಿನಗಳ ಮುಂಚೆಯೇ ಸಾರಿದ್ದರು, ಈ ಸಲ ಸರಿಯಾಗಿಯೇ ಹೇಳಿದ್ದರು. ವಾಹನ ಓಡಿಸಕೂಡದೆಂಬ ಆಜ್ಞೆ ಜಾರಿಗೆ ಬಂದದ್ದು ಆ ದಿನ ಬೆಳಗ್ಗೆ 9.30ಕ್ಕೆ. ಬೆಳಗಿನ ಪಾಳಿಯವರು ಅಷ್ಟರಲ್ಲಿ ಹೊರಟುಹೋಗಿದ್ದರು. ಸಂಬಳದ ರಜೆಯಿರುವವನು, ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವನು ಹೊರಡುವುದಿಲ್ಲ. ಗಂಟೆಯ ಲೆಕ್ಕದ ಕೂಲಿಯವನು ಸರ್ಕಾರದ ಆಜ್ಞೆಯಿಲ್ಲದೆ ಧಣಿಗೆ ‘ಬರುವುದಿಲ್ಲ’ ಎನ್ನಲಾರ. ವಿಮಾನನಿಲ್ದಾಣದಲ್ಲಿ ಅಳೆದ ಹಿಮ ನಾಲ್ಕಡಿಗೂ ಮೀರಿತು. ಸುತ್ತಿನ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು: ಕೆಲವರು ಬೀದಿಯಲ್ಲಿ, ಕೆಲವರು ಕಾರಿನೊಳಗೆ, ಕೆಲವರು ಬೆಂಕಿಯಿಲ್ಲದ ಮನೆಯಲ್ಲಿ, ಕೆಲವರು ಆಂಬುಲೆನ್ಸಿಗೆ ಕಾದು. ನಗರದೊಳಗೆ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ವರ್ಣೀಯರು. ಹಿಮಕ್ಕೆ ಬಣ್ಣ ಗೊತ್ತಿಲ್ಲ. ಪಟ್ಟಿಗೆ ಗೊತ್ತಿದೆಯೋ ಏನೋ!

ಕಾರಿನೊಳಗೆ ಸಾಯುವುದೆಂದೆನಲ್ಲ, ಅದನ್ನು ಬಿಡಿಸಿ ಹೇಳಿಬಿಡುತ್ತೇನೆ. ಈಚೆಗೆ ನಮ್ಮವರೂ ರಜೆ ಬಂತೆಂದರೆ ಹಿಮ ನೋಡಲು ಮನಾಲಿಗೆ ಓಡುವವರೇ. ಕಾರು ಹಿಮದಲ್ಲಿ ಹೂತರೆ ಬೆಚ್ಚಗಿರಲೆಂದು ಗಾಜು ಏರಿಸಿ ಎಂಜಿನ್ನು ಓಡಿಸುತ್ತ ಕೂರುತ್ತಾರೆ. ಹಿಂದಿನ ಹೊಗೆಕೊಳವೆಗೆ ಹಿಮ ಮೆತ್ತಿಕೊಂಡರೆ ವಿಷದ ಅನಿಲ ಒಳಗೇ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ನಿದ್ದೆ ಬಂದಂತಾಗುತ್ತದೆ, ಅಷ್ಟೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ದಾರಿಯಲ್ಲಿ ಹಿಮ ನೋಡಹೋದ ಕನಿಷ್ಠ 22 ಜನ, ಮಕ್ಕಳು ಮರಿ ಸಮೇತ, ಸಿಕ್ಕಿಬಿದ್ದ ಕಾರುಗಳಲ್ಲೇ ಸತ್ತರು. ಇಳಿದು ಕೊಳವೆಯ ಬಾಯಿ ಬಿಡಿಸಬೇಕು, ಎಂಜಿನ್ನನ್ನು ಆಗಾಗ ಮಾತ್ರ ಓಡಿಸಬೇಕು, ಗಾಜನ್ನು ಒಂದಿಷ್ಟು ಇಳಿಸಿರಬೇಕು. ಇದನ್ನು ಬಾಡಿಗೆ ಕಾರಿನವನು ಹೇಳುವುದಿಲ್ಲ.

ಉಪ್ಪಿನ ಮಾತೊಂದು ಬಾಕಿ. ರಸ್ತೆ ಎಳ್ಳಷ್ಟೂ ಬಿಳಿ ಇಲ್ಲದೆ ಕರ್ರಗೆ ಇರಬೇಕೆಂದು ಹಟ ಹಿಡಿಯುವ ಕಾರಿನವರಿಗಾಗಿ ಲಾರಿಗಟ್ಟಲೆ ಉಪ್ಪು ಚೆಲ್ಲುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಇದಕ್ಕಾಗಿ ಗಣಿಯೇ ಇದೆ. ಶೂನ್ಯಕ್ಕಿಂತ ಒಂಬತ್ತು ಹತ್ತು ಡಿಗ್ರಿ ಕೆಳಗಿಳಿದರೆ ಆ ಉಪ್ಪು ಕೆಲಸ ಮಾಡುವುದು ಅಷ್ಟಕ್ಕಷ್ಟೆ, ಆದರೂ ಚೆಲ್ಲುತ್ತಾರೆ. ಹಿಮ ಕರಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಳ್ಳಕ್ಕೆ, ಕೆರೆಗೆ, ಬಾವಿಗೆ ಇಳಿಯುತ್ತದೆ. ಸೇತುವೆಯ ಕಬ್ಬಿಣವನ್ನೂ ಕಾರಿನ ಹೊಟ್ಟೆಯನ್ನೂ ತಿನ್ನುತ್ತದೆ. ಒಂದು ದಿನ ನಿಧಾನವಾಗಿ ಹೋಗಲೊಲ್ಲದವನ ಅವಸರಕ್ಕೆ ಮೀನು ಏಕೆ ಸಾಯಬೇಕು?

ಹಾಗಾದರೆ ಅಮೆರಿಕೆಯಿಂದ ಕಲಿಯುವಂಥದ್ದು ಏನೂ ಇಲ್ಲವೇ ಎಂದು ಕೇಳುವಿರಿ. ಇದೆ. 2010ರ ಆ ಅವಮಾನವಾದ ಮೇಲೆ ನ್ಯೂಯಾರ್ಕಿನವರು ಹಿಮದ ಲಾರಿಗಳಿಗೆಲ್ಲ ಅವು ಎಲ್ಲಿವೆಯೆಂದು ತೋರಿಸುವ ಯಂತ್ರ ಕೂರಿಸಿದರು. ಯಾವ ಬೀದಿಯಲ್ಲಿ ಲಾರಿ ಎಷ್ಟು ಹೊತ್ತಿನ ಹಿಂದೆ ಹಾದುಹೋಯಿತೆಂಬುದನ್ನು ನಕ್ಷೆಯ ಮೇಲೆ ಬಣ್ಣಬಣ್ಣವಾಗಿ ಊರಿಗೆಲ್ಲ ಕಾಣುವ ಹಾಗೆ ತೆರೆದಿಟ್ಟರು. ತನ್ನ ಬೀದಿಗೆ ಬರಲಿಲ್ಲ, ಪಕ್ಕದ ಶ್ರೀಮಂತರ ಬೀದಿಗೆ ಎರಡು ಸಲ ಹೋಗಿದೆಯೆಂದು ಕ್ವೀನ್ಸಿನ ಮುದುಕಿಯೊಬ್ಬಳು ಅಡಿಗೆಮನೆಯಲ್ಲಿ ಕುಳಿತೇ ತೋರಿಸಬಲ್ಲಳು. ನಮ್ಮ ಬೆಂಗಳೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಯಾವ ಮೋರಿಯ ಹೂಳನ್ನು ಯಾವ ತಾರೀಖು ತೆಗೆದರು, ಯಾವುದನ್ನು ತೆಗೆಯದೆಯೇ ಬಿಲ್ಲು ಬರೆದರು ಎಂಬುದಕ್ಕೆ ಅಂಥದೊಂದು ನಕ್ಷೆಯನ್ನು ನಮ್ಮ ಮಹನೀಯರು ಕೇಳಲಿ. ಕೇಳುವ ಅರ್ಜಿಗೆ ಮೊದಲ ರುಜು ನಾನು ಹಾಕುತ್ತೇನೆ.